ಗಿಲ್ಗಾಲಿನ ಕಲ್ಲುಗಳೂ ನಮ್ಮ ಮಕ್ಕಳೂ

ತಂದೆಯಾದವನು ಮಗನಿಗೆ ಹೊಲವನ್ನು ಬಿಟ್ಟುಹೋಗುತ್ತಾನೆ, ಎತ್ತುಗಳನ್ನು ಬಿಟ್ಟುಹೋಗುತ್ತಾನೆ, ಕೆಲವು ಸಾರಿ ಸಾಲವನ್ನೂ ಬಿಟ್ಟುಹೋಗುತ್ತಾನೆ. ಇವುಗಳಿಗೆ ಕಾಗದಪತ್ರವು ಸಾಕು. ಆದರೆ ದೇವರಲ್ಲಿ ತಾನು ಇಟ್ಟ ನಂಬಿಕೆಯನ್ನು ಅವನು ಮಗನ ಹೆಸರಿಗೆ ಬರೆದುಕೊಡಬಹುದೋ? ಬರೆದುಕೊಡಲಾಗದಿದ್ದರೆ, ಮಗನು ನಂಬದೆ ಹೋದದ್ದಕ್ಕೆ ತಂದೆಯು ಉತ್ತರ ಕೊಡಬೇಕೋ?

ಸತ್ಯವೇದವು ಇದಕ್ಕೆ ಸುಲಭವಾದ ಉತ್ತರವನ್ನು ಕೊಡುವದಿಲ್ಲ. ಯಾಜಕನಾದ ಏಲಿಯ ಮಕ್ಕಳು ದೇವಮಂದಿರದ ಬಾಗಲಲ್ಲಿಯೇ ಇದ್ದು ದುಷ್ಟರಾದರು. ಅವರನ್ನು ತಡೆಯದೆ ಇದ್ದದರಿಂದ ಏಲಿಯು ಅಪರಾಧಿಯಾದನು. ಆದರೆ ಅದೇ ಏಲಿಯ ಕೈಕೆಳಗೆ ಬೆಳೆದ ಸಮುವೇಲನ ಸಂಗತಿ ಏನು? ಅವನು ಯಾರಿಂದಲೂ ಲಂಚ ಮುಟ್ಟದವನು. ಅವನ ಮಕ್ಕಳಾದ ಯೋವೇಲನೂ ಅಬೀಯನೂ ಬೇರ್ಷೆಬದಲ್ಲಿ ನ್ಯಾಯತೀರಿಸುವವರಾಗಿದ್ದು ಲಂಚ ತಿಂದರು. ಅವರ ನಿಮಿತ್ತ ದೇವರು ಸಮುವೇಲನನ್ನು ದಂಡಿಸಿದನೆಂದು ಎಲ್ಲಿಯೂ ಬರೆದಿಲ್ಲ. ಆದಕಾರಣ ಮಕ್ಕಳು ದಾರಿತಪ್ಪಿದ ಮನೆಯ ಕಡೆಗೆ ಬೆರಳು ತೋರಿಸುವವರು ಸ್ವಲ್ಪ ತಡೆಯಲಿ. ಮಗುವಿನ ಹೃದಯಕ್ಕೆ ತಂದೆಯು ಒಡೆಯನಲ್ಲ.

ಒಡೆಯನಲ್ಲವೆಂದು ಸುಮ್ಮನಿರಬಹುದೋ? ಇಸ್ರಾಯೇಲ್ಯರು ಯೊರ್ದನನ್ನು ದಾಟಿದಾಗ, ಯಾಜಕರ ಕಾಲುಗಳು ನಿಂತ ಸ್ಥಳದಿಂದ ಕುಲಕ್ಕೆ ಒಬ್ಬನಂತೆ ಹನ್ನೆರಡು ಮಂದಿ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ಯೆಹೋಶುವನು ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಮುಂದೆ ಮಕ್ಕಳು ಕಂಡು ಕೇಳಬೇಕು, ತಂದೆಗಳು ಹೇಳಬೇಕು ಎಂಬದೇ ಅದರ ಉದ್ದೇಶ. ಆದರೂ ಯೆಹೋಶುವನೂ ಹಿರಿಯರೂ ತೀರಿಹೋದ ಮೇಲೆ, ಕರ್ತನನ್ನೂ ಆತನು ಮಾಡಿದ್ದನ್ನೂ ಅರಿಯದ ತಲಾಂತರವೊಂದು ಎದ್ದಿತು. ಕಲ್ಲುಗಳನ್ನು ಯಾರಾದರೂ ಕದ್ದುಕೊಂಡು ಹೋದರೆಂದು ನಾವು ಓದುವದಿಲ್ಲ. ನಮ್ಮ ಎಣಿಕೆಯಲ್ಲಿ ನಿಂತುಹೋದದ್ದು ಹೇಳುವ ಬಾಯಿ.

ನಮ್ಮ ದೇಶದಲ್ಲಿಯೂ ಇಂಥ ಕಲ್ಲುಗಳುಂಟು. 1834ರಲ್ಲಿ ಬಾಸೆಲ್ ಮಿಶನಿನ ಮೂವರು ಬೋಧಕರು ಮಂಗಳೂರಿಗೆ ಬಂದರು. ಅವರ ಮಾತನ್ನು ನಂಬಿದವರಲ್ಲಿ ಅನೇಕರು ಮನೆಯನ್ನೂ ಕುಲದವರ ಆಶ್ರಯವನ್ನೂ ಹುಟ್ಟಿನ ಕಸುಬನ್ನೂ ಕಳಕೊಂಡರು. ಅಂಥವರ ಜೀವನಕ್ಕಾಗಿ ಮಿಶನಿನವರು ಮಗ್ಗಗಳನ್ನು ಹಾಕಿಸಿದರು. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಆ ಹಂಚುಗಳು ಎಷ್ಟೋ ಮನೆಗಳ ಮಾಡಿನ ಮೇಲೆ ಕೂತವು. ಅದರ ಕೆಳಗೆ ಮಲಗುವ ಹುಡುಗನಿಗೆ ಅದು ಬರೇ ಹಂಚು. ಮೊದಲಿನವರು ಬೆಲೆ ಕೊಟ್ಟು ಕೊಂಡದ್ದನ್ನು ನಾವು ಬೆಲೆಯಿಲ್ಲದೆ ಪಡೆದೆವು. ಬೆಲೆ ಎಷ್ಟಾಗಿತ್ತೆಂದು ಮಕ್ಕಳಿಗೆ ಹೇಳುವದನ್ನೂ ಆದಿತ್ಯವಾರದ ಶಾಲೆಯ ಉಪದೇಶಿಗೆ ಒಪ್ಪಿಸಿಬಿಟ್ಟೆವು. (ಉಪದೇಶಿಯು ವಾರಕ್ಕೊಂದು ತಾಸು ಹೇಳುತ್ತಾನೆ, ಪಾಪ, ಅವನು ಎಷ್ಟನ್ನು ತುಂಬಿಯಾನು?) ತಿಮೊಥೆಯ ತಂದೆ ಗ್ರೀಕನಾಗಿದ್ದನು, ಆದರೂ ಅವನ ನಂಬಿಕೆಯನ್ನು ನೆನಸುವಾಗ ಪೌಲನು ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನೀಕೆಯನ್ನೂ ಹೆಸರುಗೊಂಡು ಹೇಳುತ್ತಾನೆ. ಅದು ಒಲೆಯ ಬಳಿಯಲ್ಲಿ ಬೆಳೆದ ನಂಬಿಕೆ.

ಈ ವಿಷಯದಲ್ಲಿ ನಾವು ನಿರ್ದೋಷಿಗಳಲ್ಲ. ಒಂದು ಸಂಜೆ ಕುಟುಂಬ ಪ್ರಾರ್ಥನೆಯ ವೇಳೆಯಲ್ಲಿ ನಮ್ಮ ಕಿರಿಯ ಮಗನು, "ಅಪ್ಪಾ, ಕೆಳಗಿನ ಮನೆಯವರು ನಮ್ಮ ಸಂಬಂಧಿಕರಾದರೆ, ನಾವು ಮಾತ್ರ ಯಾಕೆ ಭೂತಕ್ಕೆ ಕೈಮುಗಿಯುವದಿಲ್ಲ?" ಎಂದು ಕೇಳಿದನು. ಪ್ರಾರ್ಥನೆಯ ವೇಳೆಯಲ್ಲಿ ಮಾತಾಡಬಾರದೆಂದು ಗದರಿಸಿ ಅವನನ್ನು ಕೂಡ್ರಿಸಿದೆವು. ಆ ಮೇಲೆ ಅವನು ಬಹು ದಿವಸ ಏನೂ ಕೇಳಲಿಲ್ಲ; ನಾವು ಅದನ್ನು ಭಕ್ತಿಯೆಂದು ಎಣಿಸಿ ಸಂತೋಷಪಟ್ಟೆವು. ಅದು ಭಕ್ತಿಯಲ್ಲವೆಂದು ಅವನ ತಾಯಿ ನಮಗೆ ತಿಳಿಸಬೇಕಾಯಿತು.

ಕಡೆಗೆ ಒಂದು ರಾತ್ರಿ ಅವನನ್ನು ಜಗಲಿಯಲ್ಲಿ ಕೂಡ್ರಿಸಿಕೊಂಡು, ನಮ್ಮ ಮನೆತನದ ಹಿರಿಯನು ದೀಕ್ಷಾಸ್ನಾನ ಹೊಂದಿದ ದಿನವೇ ಅಣ್ಣತಮ್ಮಂದಿರು ಅವನನ್ನು ಹೊರಗೆ ಹಾಕಿದ್ದನ್ನೂ, ಅವನು ಭಯಪಟ್ಟು ಒಂದು ಸಾರಿ ಹಿಂದಿರುಗಿ ಹೋಗಿದ್ದನ್ನೂ, ತಿರಿಗಿ ಬಂದದ್ದನ್ನೂ ಮುಚ್ಚಿಡದೆ ಹೇಳಿದೆವು. ಹುಡುಗನು ಎಲ್ಲವನ್ನು ಕೇಳಿ, "ಅವರು ತಿರಿಗಿ ಬಾರದಿದ್ದರೆ ನೀನು ಯೇಸುವನ್ನು ನಂಬುತ್ತಿದ್ದಿಯೋ?" ಅಂದನು.

ತಿಳಿಯದು ಮಗನೇ, ಅಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಿರಿಯನ ಹೆಸರೇನೆಂದು ಕೇಳಿದನು.