ಇಂದಿನ ಧಮ್ಮ ಚಿಂತನೆ: ಹೊಸ ಕೆಲಸಕ್ಕೆ ಯಾವ ಬಟ್ಟೆ?



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಸ್‌ಡಿಎ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ನಿನ್ನೆ ಫೋನ್ ಮಾಡಿ ಕೇಳಿದಳು: “ಸರ್, ಏನು ಹಾಕ್ಕೊಂಡು ಹೋಗ್ಲಿ? ಸಾದಾ ಬಟ್ಟೆ ಹಾಕಿದ್ರೆ ಇವರು ಇಷ್ಟೇ ಅಂತಾರೆ. ಒಳ್ಳೇದು ಹಾಕಿದ್ರೆ ಎಷ್ಟು ಮೆರೀತಾಳೆ ನೋಡು ಅಂತಾರೆ.”

ಇದು ಬರೀ ಬಟ್ಟೆಯ ಪ್ರಶ್ನೆಯಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರಿಗೆ ಹೆಣದ ಬಟ್ಟೆ, ಕಬ್ಬಿಣದ ಒಡವೆ ಎಂದು ವಿಧಿಸಿತು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಆ ಗ್ರಂಥವನ್ನು ಸುಟ್ಟ ಮೇಲೆ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ್ದು ಉಡುವ ಮಾತನ್ನೇ. ಜಾತಿಯ ಗುರುತು ಹೇಳುವ ಉಡುಗೆ, ಒಡವೆ ಬಿಡಿ; ಬಟ್ಟೆ ಹರಿದಿದ್ದರೂ ಚಿಂತೆಯಿಲ್ಲ, ಶುಚಿಯಾಗಿರಲಿ ಎಂದರು.

ಬುದ್ಧರ ಭಿಕ್ಖುಗಳೂ ಮಸಣದಲ್ಲಿ, ತಿಪ್ಪೆಯಲ್ಲಿ ಬಿದ್ದ ಚಿಂದಿಯನ್ನು ಹೊಲಿದು ಉಡುತ್ತಿದ್ದರು. ವೈದ್ಯ ಜೀವಕ ಬೇಡಿಕೊಂಡಾಗ, ಇಷ್ಟವಿದ್ದವರು ಚಿಂದಿಯನ್ನೇ ಉಡಲಿ, ಇಷ್ಟವಿದ್ದವರು ಗೃಹಸ್ಥರು ಕೊಟ್ಟದ್ದನ್ನು ಉಡಲಿ ಎಂದು ಭಗವಾನರು ಒಪ್ಪಿದರು. ಎರಡೂ ಕಡೆ ಇರುವುದು ಮಸಣದ ಬಟ್ಟೆಯೇ. ಹೇರಿದರೆ ಅದು ಗುಲಾಮಗಿರಿ, ತಾನಾಗಿ ಆರಿಸಿಕೊಂಡರೆ ತ್ಯಾಗ.

ಅವಳಿಗೆ ಹೇಳಿದೆ: “ಒಗೆದು ಇಸ್ತ್ರಿ ಮಾಡಿದ ಎರಡು ಮೂರು ಕಾಟನ್ ಚೂಡಿದಾರ್ ಸಾಕಮ್ಮ. ಬಸ್ಸು ಹತ್ತಿಳಿಯಲು, ದಿನವಿಡೀ ಕೂರಲು ಹಿತವಾಗಿರಲಿ. ಸಾಲ ಮಾಡಿ ಕೊಳ್ಳಬೇಡ. ಸಾಲವಿಲ್ಲದಿರುವುದು ಗೃಹಸ್ಥರ ನಾಲ್ಕು ಸುಖಗಳಲ್ಲಿ ಒಂದು ಎಂದು ಬುದ್ಧರು ಅನಾಥಪಿಂಡಿಕನಿಗೆ ಹೇಳಿದ್ದಾರೆ.”

ಇನ್ನೊಂದು ಮಾತನ್ನೂ ಹೇಳಿದೆ. ಒಳ್ಳೆಯ ಬಟ್ಟೆ ತೊಟ್ಟ ಮಾತ್ರಕ್ಕೆ ಗೌರವ ಸಿಗುತ್ತದೆ ಎಂದು ನಂಬಬೇಡ. ನ್ಯೂಯಾರ್ಕ್, ಲಂಡನ್‌ಗಳಲ್ಲಿ ಓದಿ 1917ರಲ್ಲಿ ಬರೋಡಾದ ಕಚೇರಿ ಸೇರಿದ ಬಾಬಾಸಾಹೇಬರಿಗೆ ಜವಾನರು ಫೈಲುಗಳನ್ನು ದೂರದಿಂದಲೇ ಎಸೆದರು. ಮೈಲಿಗೆ ಇದ್ದದ್ದು ಎಸೆದವರ ಮನಸ್ಸಿನಲ್ಲಿ, ಬಾಬಾಸಾಹೇಬರ ಕೋಟಿನಲ್ಲಲ್ಲ. ಅವರ ಮನಸ್ಸನ್ನು ತೊಳೆಯುವ ಕೆಲಸ ನಿನ್ನ ಸೀರೆಯದೂ ಅಲ್ಲ, ಚೂಡಿದಾರಿನದೂ ಅಲ್ಲ.

ಬಂಧುಗಳೇ, ನಮ್ಮ ಮಕ್ಕಳು ಈಗ ಮೇಜಿನ ಆಚೆ ಕೂರುತ್ತಿದ್ದಾರೆ. ಪಿಂಚಣಿ ಅರ್ಜಿ ಹಿಡಿದು ಹರಿದ ಸೀರೆಯ ಅಜ್ಜಿಯೊಬ್ಬರು ಬರುತ್ತಾರೆ. ಅವರ ಬಟ್ಟೆ ನೋಡಿ ಅರ್ಜಿಯನ್ನು ಬದಿಗೆ ಸರಿಸಿದರೆ, ನಾವು ಸುಟ್ಟ ಪುಸ್ತಕವನ್ನೇ ಮತ್ತೆ ತೆರೆದಂತೆ. “ಕೂತ್ಕೊಳ್ಳಿ ಅಜ್ಜಿ” ಎಂದರೆ, ಆ ದಿನ ತೊಟ್ಟ ಬಟ್ಟೆ ಯಾವುದಾದರೂ ನಮಗೆ ಒಪ್ಪುತ್ತದೆ.

ಸರ್ವರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.