ನಾತದ ತಿಗಣೆಯೂ ಶ್ರಾವಕಿಯ ಲೆಕ್ಕವೂ

ತೋಟ ಇರುವವನು ಹುಳ ಕೊಂದರೆ ನಮ್ಮ ಜೈನಧರ್ಮದಲ್ಲಿ ಅವನಿಗೆ ಒಂದಿಷ್ಟು ರಿಯಾಯಿತಿ ಇದೆ. ತೋಟವಿಲ್ಲದ ನನಗೆ ಅದಿಲ್ಲ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಪಕ್ಕದ ಈ ಮನೆಯಲ್ಲಿ ಚಳಿಗಾಲಗಳನ್ನು ಕಳೆಯುತ್ತ ಬಂದ ಹಾಗೆ ಈ ಮಾತು ನನ್ನನ್ನು ಬಿಟ್ಟೂಬಿಡದೆ ಕಾಡಿದೆ.

ನನ್ನ ತವರು ಮೂಡುಬಿದಿರೆ ಕಡೆ. ತೋಟದಲ್ಲಿ ನಳ್ಳಿ, ಅಂದರೆ ಎಳೆ ಅಡಿಕೆ, ಉದುರಲು ಶುರುವಾದರೆ ಅಪ್ಪ ಬಿದ್ದ ಎಳೆಕಾಯಿಗಳನ್ನು ಹೆಕ್ಕಿ, ಚುಚ್ಚಿದ ಕಲೆ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕಲೆ ಇದ್ದರೆ ಅದು ರಸ ಹೀರುವ ತಿಗಣೆಯ ಕೆಲಸ. ಅಡಿಕೆಗೆ ಬೀಳುವ ಆ ತಿಗಣೆ ಹ್ಯಾಲಿಯೊಮಾರ್ಫಾ ಕುಲದ್ದು. ಅದೇ ಕುಲದ ಇನ್ನೊಂದು ಜಾತಿ, ಹ್ಯಾಲಿಯೊಮಾರ್ಫಾ ಹ್ಯಾಲಿಸ್, ಈಗ ನನ್ನ ಕಿಟಕಿಯ ಪರದೆಯ ಮೇಲೆ ಕೂತಿರುತ್ತದೆ. ಇಲ್ಲಿಯವರು ಸ್ಟಿಂಕ್ ಬಗ್ ಎನ್ನುತ್ತಾರೆ. ನಾನು ನಾತದ ತಿಗಣೆ ಎನ್ನುತ್ತೇನೆ. ಮುಟ್ಟಿದರೆ ಬಿಡುವ ನಾತದಲ್ಲಿರುವ ಒಂದು ರಾಸಾಯನಿಕ ಕೊತ್ತಂಬರಿ ಸೊಪ್ಪಿನಲ್ಲೂ ಇದೆ. ಹಾಗಾಗಿ ಅದು ನನಗೆ ಇಲ್ಲಿಯವರಿಗೆ ಆಗುವಷ್ಟು ಅಸಹ್ಯವಲ್ಲ.

ಇದರ ಮೂಲ ಚೀನಾ, ಜಪಾನ್, ಕೊರಿಯಾ. ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು 1998ರಲ್ಲಿ, ಇದೇ ಅಲೆನ್‌ಟೌನಿನಲ್ಲಿ. ಆದರೆ ಇಂಥದ್ದೇ ಎಂದು ಗುರುತು ಹಿಡಿಯಲು 2001 ಬರಬೇಕಾಯಿತು. 2010ರಲ್ಲಿ ಸುತ್ತಲಿನ ರಾಜ್ಯಗಳ ಸೇಬು ಬೆಳೆಗಾರರಿಗೆ ಇದರಿಂದ ಆದ ನಷ್ಟ 3.7 ಕೋಟಿ ಡಾಲರ್. ಗಾಬರಿಯಾದ ಬೆಳೆಗಾರರು ಸಿಂಪಡಣೆ ಹೆಚ್ಚಿಸಿದರು. ತಿಗಣೆಯ ಜೊತೆಗೆ ನುಸಿ, ಶಲ್ಕಕೀಟಗಳನ್ನು ತಿನ್ನುವ ಹುಳಗಳೂ ಸತ್ತು, ನುಸಿ-ಶಲ್ಕಗಳ ಕಾಟ ಬೇರೆ ಹೆಚ್ಚಿತು.

ಮನೆಯೊಳಗಿನ ತಿಗಣೆಯನ್ನು ಏನು ಮಾಡುವುದೆಂದಾಗ, ಊರಿಂದ ಬಂದಿದ್ದ ಅತ್ತೆ ಮೊದಲು ಎತ್ತಿದ್ದು ಜೀವಕ್ಕೆ ಎಷ್ಟು ಇಂದ್ರಿಯ ಎಂಬ ನಮ್ಮ ಜೈನರ ಪ್ರಶ್ನೆ. “ಹಾಸಿಗೆಯ ತಿಗಣೆಗೆ ಮೂರು ಇಂದ್ರಿಯ. ಇದು ದೀಪ ಕಂಡಲ್ಲಿಗೆ ಹಾರುತ್ತದಲ್ಲ, ಕಣ್ಣಿದೆ. ನಾಲ್ಕು ಇಂದ್ರಿಯದ ಜೀವ ಮಗಳೇ, ವ್ಯಾಕ್ಯೂಮ್ ಹಿಡಿಯಬೇಡ.”

ಶ್ರಾವಕರಿಗೆ, ಅಂದರೆ ಸಂಸಾರಿ ಜೈನರಿಗೆ, ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ ಹೇಳುತ್ತಾರೆ. ಬೇಕೆಂದೇ ಕೊಲ್ಲುವುದು ಸಂಕಲ್ಪಿ, ಅಡುಗೆ-ಕಸಮುಸುರೆಯಲ್ಲಿ ಆಗುವುದು ಆರಂಭಿ, ಹೊಟ್ಟೆಪಾಡಿನ ಕೆಲಸದಲ್ಲಿ ಆಗುವುದು ಉದ್ಯೋಗಿ, ಮೈಮೇಲೆ ಬಂದದ್ದನ್ನು ತಡೆಯುವಾಗ ಆಗುವುದು ವಿರೋಧಿ. ಗೃಹಸ್ಥ ಪೂರ್ತಿ ಬಿಡಲೇಬೇಕಾದದ್ದು ಮೊದಲನೆಯದು. ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು. ಅಪ್ಪ ಔಷಧಿ ಹೊಡೆಸಿದ್ದು ಉದ್ಯೋಗಿ. ಸೇಬಿನವನದೂ ಅದೇ. ನನ್ನದು? ಚಳಿಗೆ ಮನೆ ಹೊಕ್ಕ ಈ ತಿಗಣೆ ಕಚ್ಚುವುದಿಲ್ಲ, ಧಾನ್ಯಕ್ಕೆ ಬಾಯಿ ಹಾಕುವುದಿಲ್ಲ, ಮನೆಯೊಳಗೆ ಮೊಟ್ಟೆ ಇಡುವುದಿಲ್ಲ. ವಸಂತದವರೆಗೆ ಸುಮ್ಮನೆ ಬಿದ್ದಿರುತ್ತದೆ. ಮೈಮೇಲೆ ಬಾರದ್ದರ ಮೇಲೆ ವಿರೋಧಿಯ ಹೆಸರು ಹೇಳುವಂತಿಲ್ಲ. ಅದನ್ನು ಹುಡುಕಿ ಹುಡುಕಿ ಸೋಪುನೀರಿಗೆ ಹಾಕುವುದು ಶುದ್ಧ ಸಂಕಲ್ಪಿ.

ಒಂದು ವಾದ ಉಳಿಯುತ್ತದೆ. ಈ ಒಂದು ಬದುಕಿದರೆ ಬೇಸಿಗೆಯಲ್ಲಿ ಎಲೆಯಡಿಗೆ ಸುಮಾರು 28ರ ಒಂದೊಂದು ಗುಂಪಾಗಿ ಮೊಟ್ಟೆ ಇಡುತ್ತದೆ. ಆಮೇಲೆ ಪಕ್ಕದ ತೋಟದವನು ಸಾವಿರಾರು ಜೀವ ಕೊಲ್ಲಬೇಕಾಗುತ್ತದೆ. ಈಗಲೇ ಒಂದನ್ನು ಕೊಂದರೆ ಅಷ್ಟೂ ಉಳಿಯುತ್ತವಲ್ಲ? ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ತರ್ಕವನ್ನೇ ಎತ್ತಿಕೊಂಡು ತಳ್ಳಿಹಾಕುತ್ತಾರೆ: ಹಿಂಸ್ರ ಜೀವಿಯೊಂದನ್ನು ಕೊಂದರೆ ಹಲವು ಉಳಿಯುತ್ತವೆಂದು ಕೊಲ್ಲಬಾರದು. ಓದಿದಾಗ ಸಿಟ್ಟು ಬಂದಿತ್ತು. ಈಗ ಅದರ ಹಟ ಅರ್ಥವಾಗುತ್ತದೆ. ಉಳಿಯುವ ಸಾವಿರ ನನ್ನ ಊಹೆ, ಕೊಲ್ಲುವ ಒಂದು ನನ್ನ ಕೈ. ಊಹೆಯನ್ನು ಮುಂದಿಟ್ಟು ಕೈ ತೊಳೆದುಕೊಳ್ಳುವ ದಾರಿಯನ್ನು ಆಚಾರ್ಯರು ಮುಚ್ಚಿದರು.

ಹಾಗೆಂದು ಜನವರಿಯಲ್ಲಿ ಕಾಗದದ ಮೇಲೆ ಎತ್ತಿ ಹಿಮಕ್ಕೆ ಬಿಟ್ಟು ಬರುವುದು ದಯೆಯಲ್ಲ. ಬೆಚ್ಚಗಿದ್ದ ಜೀವ ಅಲ್ಲಿ ಉಳಿಯುವುದು ಕಷ್ಟ. ಕೊಂದವಳು ನಾನಲ್ಲ ಎಂಬ ಸಮಾಧಾನವಷ್ಟೇ ನಮಗೆ ಸಿಗುವ ಲಾಭ.

ಕೊಲ್ಲುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೆ? ಅದಕ್ಕೂ ಇಲ್ಲಿ ಉದಾಹರಣೆ ಇದೆ. ಸಮುರಾಯ್ ಕಣಜ ಎಂಬ ಒಂದೆರಡು ಮಿಲಿಮೀಟರಿನ ಕೀಟ ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಒಳಗಿನ ಮರಿ ತಿಗಣೆಯ ಭ್ರೂಣವನ್ನು ತಿಂದು, ಕಣಜವಾಗಿ ಹೊರಬರುತ್ತದೆ. ಅಮೆರಿಕದ ವಿಜ್ಞಾನಿಗಳು ಏಷ್ಯಾದಿಂದ ತಂದು, ಬಿಡುವ ಮೊದಲು ಪರೀಕ್ಷಿಸೋಣವೆಂದು ಬಿಗಿ ಕಾವಲಿನ ಪ್ರಯೋಗಾಲಯದಲ್ಲಿ ಇಟ್ಟುಕೊಂಡಿದ್ದರು. ಅಷ್ಟರಲ್ಲಿ, 2014ರಲ್ಲಿ, ಅದು ಮೇರಿಲ್ಯಾಂಡಿನ ಬಯಲಲ್ಲೇ ಸಿಕ್ಕಿತು. ತಪ್ಪಿಸಿಕೊಂಡದ್ದಲ್ಲ, ಬೇರೆ ದಾರಿಯಲ್ಲಿ ತಾನಾಗಿ ಬಂದದ್ದು ಎಂದು ವಂಶವಾಹಿ ಪರೀಕ್ಷೆ ತೋರಿಸಿತು. ಇಟಲಿಯವರಾದರೋ 2020ರಲ್ಲಿ ತಾವೇ ತಂದು ತೋಟಗಳಿಗೆ ಬಿಟ್ಟರು.

ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಮನಸ್ಸು ಒಪ್ಪುವುದು, ಕೃತ, ಕಾರಿತ, ಅನುಮತ, ಮೂರಕ್ಕೂ ಕರ್ಮ ಅಂಟುತ್ತದೆ. ಇಟಲಿಯದು ಕಾರಿತ. ಇಲ್ಲಿನ ಬಯಲಿಗೆ ಅದು ತಾನಾಗಿ ಬಂತು; ಆದರೆ ಸುದ್ದಿ ಓದಿ ನಾನು ಹಿಗ್ಗಿದೆನಲ್ಲ, ಅದು ಅನುಮತ. ಆ ಕಣಜವೂ ನಮ್ಮ ಲೆಕ್ಕದಂತೆ ನಡೆಯುವುದಲ್ಲ. ಪ್ರಯೋಗಾಲಯದಲ್ಲಿ ಅದು ಪೋಡಿಸಸ್ ಎಂಬ ಇಲ್ಲಿನ ತಿಗಣೆಯ ಮೊಟ್ಟೆಯಲ್ಲೂ ಬೆಳೆದದ್ದುಂಟು.

ಈ ಪೋಡಿಸಸ್ ಕಂಬಳಿಹುಳ ತಿನ್ನುವ, ರೈತನಿಗೆ ಬೇಕಾದ ಜೀವಿ. ಅವಸರದ ಕಣ್ಣಿಗೆ ನಾತದ ತಿಗಣೆಯೇ. ವ್ಯತ್ಯಾಸ ನೋಡಿದರೆ ಮಾತ್ರ ಕಾಣುತ್ತದೆ: ಪೋಡಿಸಸ್‌ನ ಭುಜ ಮುಳ್ಳಿನ ತುದಿ, ಹ್ಯಾಲಿಸ್‌ನದು ನುಣುಪು, ಹ್ಯಾಲಿಸ್‌ನ ಮೀಸೆಯಲ್ಲಿ ಬಿಳಿ ಪಟ್ಟಿ, ಹೊಟ್ಟೆಯ ಅಂಚಿನಲ್ಲಿ ಕಪ್ಪು-ಬಿಳಿ ಸಾಲು. ಹಿಂಸೆಯ ಬೇರು ಪ್ರಮಾದ, ಅಂದರೆ ಎಚ್ಚರಗೇಡಿತನ ಎನ್ನುತ್ತದೆ ತತ್ತ್ವಾರ್ಥಸೂತ್ರ. ಭುಜ ನೋಡದೆ ಚಪ್ಪಲಿ ಎತ್ತುವುದು ಪ್ರಮಾದವಲ್ಲದೆ ಇನ್ನೇನು? ಕೃಷಿ ಇಲಾಖೆಯವರು ಗುರುತಿಸುವಿಕೆಯನ್ನು ನಿರ್ವಹಣೆಯ ಮೊದಲ ಮೆಟ್ಟಿಲು ಎನ್ನುತ್ತಾರೆ. ನನ್ನ ಪಾಲಿಗೆ ಅದು ವ್ರತದ ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲು ಆಗಸ್ಟಿನ ಕೆಲಸ. ಹಗಲು ಕುಗ್ಗಿ ತಿಗಣೆಗಳು ಬೆಚ್ಚನೆಯ ಗೋಡೆ ಹುಡುಕುವ ಮೊದಲೇ ಕಿಟಕಿ ಚೌಕಟ್ಟಿನ ಬಿರುಕಿಗೆ ಸೀಲಂಟ್, ಅಟ್ಟದ ಗಾಳಿಕಂಡಿಗೆ ಜಾಲರಿ, ಬಾಗಿಲಡಿಗೆ ರಬ್ಬರ್ ಪಟ್ಟಿ. ಬೆನ್ನು ನೋಯುತ್ತದೆ, ಯಾರೂ ಪುಣ್ಯವೆಂದು ಹೊಗಳುವುದಿಲ್ಲ. ಅದನ್ನೂ ದಾಟಿ ಬಂದವು ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಇರುತ್ತವೆ, ಬದುಕುವವು ಬದುಕುತ್ತವೆ.

“ಹಾಗಾದರೆ ನಿನಗಿಂತ ಔಷಧಿ ಹೊಡೆಯುವ ತೋಟದವನೇ ವಾಸಿ ಅಂತೀಯಾ?” ಎಂದರು ಅತ್ತೆ.

“ಅವನಿಗೆ ಬೇರೆ ದಾರಿ ಕಡಿಮೆ ಅತ್ತೆ. ಬಲೆ ಇಟ್ಟು ಎಣಿಸಿ, ಅಂಚಿನ ಸಾಲಿಗೆ ಮಾತ್ರ ಹೊಡೆಯುವವನು ನೋಡಿ ಹೊಡೆಯುತ್ತಾನೆ. ಬೇಜಾರಿಗೆ ಕೊಲ್ಲುವ ನಮಗಿಂತ ಅವನು ವಾಸಿಯೇ.”

ಅತ್ತೆ ಒಪ್ಪಲಿಲ್ಲ. ಎಣಿಸಿ ಕೊಂದರೂ ಕೊಂದದ್ದೇ ಎಂದರು. ಅದೂ ನಿಜ. ರಿಯಾಯಿತಿ ಎಂದರೆ ಸಾಲ ಮನ್ನಾ ಅಲ್ಲವಲ್ಲ.