ಒಳಬಂದದ್ದರ ಆಣತಿ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ಊರುಗಳಲ್ಲೂ ಈಗ ಬೆಳಗಿನ ಮೊದಲ ಕೆಲಸ ಎಷ್ಟೋ ಜನರಿಗೆ ಕಂಪ್ಯೂಟರ್ ಅಂಗಡಿಯಲ್ಲೇ ಶುರುವಾಗುತ್ತದೆ. ಪಹಣಿ ಬೇಕಾದವರು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ವಿದ್ಯಾರ್ಥಿವೇತನದ ಕಡೆಯ ದಿನ ನೆನಪಾಗಿ ಓಡಿಬಂದ ಮಕ್ಕಳು. 'ಅಣ್ಣಾ, ಇದ್ರಲ್ಲಿರೋದು ಒಂದ್ ಪ್ರಿಂಟ್ ಹಾಕ್ಕೊಡಿ' ಎಂದು ಒಬ್ಬ ಪೆನ್‌ಡ್ರೈವ್ ಚಾಚುತ್ತಾನೆ. ಅದನ್ನು ಸಿಕ್ಕಿಸಿದೊಡನೆ ಸಣ್ಣ ಸದ್ದು. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ. ಏನು ಮಾಡಲಿ ಎಂಬ ಪ್ರಶ್ನೆ. ಅಂಗಡಿಯವನ ಬೆರಳು ಆ ಪ್ರಶ್ನೆಯನ್ನು ಓದುವುದಿಲ್ಲ. ಓದುವ ಮೊದಲೇ ಒತ್ತಿರುತ್ತದೆ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಓದುವ ವ್ಯವಧಾನವಾದರೂ ಎಲ್ಲಿಂದ ಬರಬೇಕು? ವ್ಯವಧಾನವಿದ್ದಾಗಲೂ ನಾವು ಓದುವವರಲ್ಲ, ಅದು ಬೇರೆ ಮಾತು.

ಹೊರಗಿನದು ಬಂದು ಸೇರಿದೊಡನೆ ಯಂತ್ರ ತಾನಾಗಿ ಕ್ರಿಯಾಶೀಲವಾಗುವ ಈ ಏರ್ಪಾಡು ಜನಬಳಕೆಗೆ ಬಂದದ್ದು 1995ರಲ್ಲಿ, ವಿಂಡೋಸ್ 95ರ ಜೊತೆಗೆ. ಆಟೋರನ್ ಎಂದು ಅದರ ಹೆಸರು. ಉದ್ದೇಶ ಉದಾರವಾದದ್ದೇ. ಕಂಪ್ಯೂಟರಿಗೆ ಅಂಜುವವರು ಸಿ.ಡಿ. ಹಾಕಿದರೆ ಸಾಕು, ಮುಂದಿನದನ್ನು ಯಂತ್ರವೇ ನೋಡಿಕೊಳ್ಳಲಿ ಎಂಬ ಅನುಕಂಪ. ವಿಧಾನವೂ ಸರಳ. ಸಿ.ಡಿ.ಯೊಳಗೆ 'ಆಟೋರನ್.ಇನ್ಫ್' ಎಂಬ ಕಿರುಕಡತ. ಅದರಲ್ಲಿ ನಾಲ್ಕಾರು ಸಾಲು. ಇಂಥದ್ದನ್ನು ನಡೆಸು ಎಂಬ ನಿರ್ದೇಶನ. ಯಂತ್ರ ಓದುತ್ತದೆ, ಪಾಲಿಸುತ್ತದೆ. ಸೂಕ್ಷ್ಮ ಇರುವುದು ಇಲ್ಲಿ. ಆ ಆಜ್ಞೆ ಯಂತ್ರದ ಒಡೆಯನದಲ್ಲ, ಯಂತ್ರದ್ದೂ ಅಲ್ಲ. ಒಳಬಂದದ್ದು ತನ್ನ ಆಣತಿಯನ್ನೂ ತಾನೇ ಹೊತ್ತು ತಂದಿರುತ್ತದೆ. ಬೇಡವೆನ್ನುವವರಿಗೆ ಒಂದು ದಾರಿ ಆಗಲೂ ಇತ್ತು: ಸಿ.ಡಿ. ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿಯುವುದು. ಬಲ್ಲವರು ವಿರಳ.

ಅನುಕಂಪ ತೆರೆದಿಟ್ಟ ದಾರಿಯಲ್ಲಿ ಕೇಡೂ ಬಂತು. 2008ರ ಕೊನೆಯಲ್ಲಿ ಕಾನ್‌ಫಿಕರ್ ಎಂಬ ದುಷ್ಟ ಪ್ರೋಗ್ರಾಂ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಹೊಕ್ಕಿತು. ಹರಡಲು ಅದು ಹಿಡಿದ ಮಾರ್ಗಗಳಲ್ಲಿ ಪೆನ್‌ಡ್ರೈವ್ ಒಂದು. ಅದರ ಉಪಾಯವನ್ನು ಹತ್ತಿರದಿಂದ ನೋಡಬೇಕು. ಪೆನ್‌ಡ್ರೈವ್ ಸಿಕ್ಕಿಸಿದಾಗ ಮೂಡುವ ಚೌಕದಲ್ಲಿ 'ಫೋಲ್ಡರ್ ತೆರೆದು ಕಡತಗಳನ್ನು ನೋಡು' ಎಂಬರ್ಥದ ಸಾಲು ಎಂದಿನಂತೆ ಇರುತ್ತಿತ್ತು. ಅದಕ್ಕೂ ಮೇಲೆ, ಅದೇ ಮಾತು, ಅದೇ ಹಳದಿ ಫೋಲ್ಡರಿನ ಚಿತ್ರ, ಇನ್ನೊಮ್ಮೆ. ಕೆಳಗಿನದು ನಿಜ, ಮೇಲಿನದು ಮಾಯೆ. ಮೇಲಿನದು ಫೋಲ್ಡರ್ ತೆರೆಯುವ ಸಾಲೇ ಅಲ್ಲ, ಪ್ರೋಗ್ರಾಂ ನಡೆಸುವ ಸಾಲು ಎಂದು ತಲೆಬರಹ ಸ್ಪಷ್ಟವಾಗಿ ಹೇಳುತ್ತಿತ್ತು. ಯಂತ್ರ ಸುಳ್ಳಾಡಲಿಲ್ಲ. ನಮ್ಮ ಕಣ್ಣು ಪರಿಚಿತ ಚಿತ್ರವನ್ನು ಕಂಡಿತು, ಬೆರಳು ಪರಿಚಿತ ಚಲನೆಯನ್ನು ಮಾಡಿತು. ಮುಂದೆ ವಿಂಡೋಸ್ 7ರಲ್ಲಿ ಪೆನ್‌ಡ್ರೈವಿನ ಆಟೋರನ್ ನಿಂತಿತು. 2011ರ ಫೆಬ್ರವರಿಯಲ್ಲಿ ಹಳೆಯ ವಿಂಡೋಸ್‌ಗಳಿಗೂ ಆ ನಿರ್ಬಂಧ ತಲುಪಿತು. ಅಷ್ಟರಿಂದ ಕಥೆ ಮುಗಿಯಲಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ 'ಶಾರ್ಟ್‌ಕಟ್ ವೈರಸ್' ಎಂದರೆ ಈಗಲೂ ಎಲ್ಲರಿಗೂ ಗೊತ್ತು. ಅದು ನಮ್ಮ ಫೋಲ್ಡರುಗಳನ್ನು ಮರೆಮಾಡಿ, ಅವುಗಳ ಹೆಸರಿನಲ್ಲೇ ತಾನು ಕುಳಿತುಕೊಳ್ಳುತ್ತದೆ. ನಾವೇ ಎರಡು ಬಾರಿ ಒತ್ತಿ ಅದನ್ನು ಎಬ್ಬಿಸುತ್ತೇವೆ. ಯಂತ್ರದ ಸ್ವಯಂಚಾಲನೆಗೆ ಕಡಿವಾಣ ಬಿದ್ದ ಮೇಲೆ ಕೇಡು ಮನುಷ್ಯನ ಸ್ವಯಂಚಾಲನೆಯನ್ನು ಆಶ್ರಯಿಸಿತು. ಅದು ಎಲ್ಲಕ್ಕಿಂತ ಭದ್ರವಾದ ಆಶ್ರಯ.

ಏಕೆಂದರೆ ಅಂತರಂಗದಲ್ಲೂ ನಾವು ಇದೇ ಏರ್ಪಾಡಿನಲ್ಲಿ ಬದುಕುತ್ತೇವೆ. ಇಂದ್ರಿಯದ್ವಾರಗಳಿಂದ ಒಳಬರುವ ಎಷ್ಟೋ ಸಂಗತಿಗಳು ಬರಿಗೈಯಲ್ಲಿ ಬರುವುದಿಲ್ಲ. ಬಿರುನುಡಿಯೊಂದು ಕಿವಿಗೆ ಬೀಳುತ್ತದೆ. ಸಿಟ್ಟಾಗು ಎಂಬ ಆಣತಿಯೂ ಅದರೊಳಗೇ ಇರುತ್ತದೆ. ಹೊಗಳಿಕೆ ಬರುತ್ತದೆ, ಹಿಗ್ಗು ಎಂಬ ಆಣತಿಯೊಡನೆ. 'ಎಲ್ಲ ಗುಂಪುಗಳಿಗೂ ಕಳಿಸಿ' ಎಂದು ಬಾಯಿಬಿಟ್ಟೇ ಹೇಳುವ ವಾಟ್ಸ್‌ಆ್ಯಪ್ ಸಂದೇಶವಂತೂ ಆ ಹಳೆಯ ಕಿರುಕಡತದ ನೇರ ವಂಶಜ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ದರ ಬಿತ್ತಂತೆ ಎಂಬ ಮಾತು ಹಾರಿಬಂದರೆ ಎದೆ ಧಸಕ್ಕೆನ್ನುತ್ತದೆ. ಕಂಡವರು ಯಾರು, ಬಿದ್ದದ್ದು ಯಾವ ದರ್ಜೆಯ ಸೊಪ್ಪಿಗೆ, ಎಷ್ಟು, ಎಂದು ವಿಚಾರಿಸುವ ಮೊದಲೇ ಮನೆಯಲ್ಲಿ ಅಡುಗೆಯ ಮೇಲೆ ಸಿಡುಕು ಮುಗಿದಿರುತ್ತದೆ. ಸಿಡುಕಿದ್ದು ನಾವೇ ಎಂದುಕೊಳ್ಳುತ್ತೇವೆ. ಬಹುಮಟ್ಟಿಗೆ ಅದು ಬಂದ ಸುದ್ದಿಯ ಕೆಲಸ. ನಮ್ಮದು ಬರೀ ಬಾಯಿ.

ಹಾಗೆಂದು ತಾನಾಗಿ ಆಗುವುದೆಲ್ಲ ತ್ಯಾಜ್ಯವಲ್ಲ. ಉಸಿರು ಅನುಮತಿ ಕೇಳುವುದಿಲ್ಲ. ಎಡವಿದ ಮಗುವಿನ ಕಡೆಗೆ ಕೈ ತಾನಾಗಿ ಚಾಚುತ್ತದೆ; ಚಾಚಬೇಕು. ಎಲ್ಲಕ್ಕೂ ತಡೆ ಹಾಕಿಕೊಂಡವನು ಸ್ಥಿತಪ್ರಜ್ಞನಾಗುವುದಕ್ಕಿಂತ ನಿರ್ಭಾವನಾಗುವ ಸಂಭವವೇ ಹೆಚ್ಚು. ಯಾವುದಕ್ಕೆ ಮುಕ್ತದ್ವಾರ, ಯಾವುದಕ್ಕೆ ವಿಚಾರಣೆ ಎಂಬ ವಿಂಗಡಣೆ ಬೇಕು. ಕಂಪ್ಯೂಟರಿನಲ್ಲಿ ಅದು ಸಾಧ್ಯವಿದೆ. ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಒಂದು ನಿಯಮ, ಪೆನ್‌ಡ್ರೈವಿಗೆ ಇನ್ನೊಂದು. ಇಂದಿನ ಆ್ಯಂಡ್ರಾಯ್ಡ್ ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿದರೆ ಅದು ಸಾಮಾನ್ಯವಾಗಿ ವಿದ್ಯುತ್ತನ್ನಷ್ಟೇ ಪಡೆಯುತ್ತದೆ. ಒಳಗಿನದನ್ನು ತೋರಿಸಬೇಕಾದರೆ ಒಡೆಯ ಬೇರೆಯಾಗಿ ಒಪ್ಪಿಗೆ ಕೊಡಬೇಕು. ಎಲ್ಲಿ ಕುಳಿತರೂ ಮನೆಯ ಗುಟ್ಟನ್ನೆಲ್ಲ ಹರಡಿಬಿಡುವ ನಮಗೆ ಈ ಸಂಯಮ ಇನ್ನೂ ಪೂರ್ತಿ ಬಂದಿಲ್ಲ.

ಕಂಪ್ಯೂಟರಿನಲ್ಲಿ ಹೀಗೆ ಇಡಬಹುದಾದ ನಿಯಮಗಳಲ್ಲಿ 'ಏನೂ ಮಾಡಬೇಡ' ಎಂಬುದೂ ಒಂದು. ಆ ಆಯ್ಕೆಯ ಸ್ವರೂಪವನ್ನು ಗಮನಿಸಿದರೆ ನೆಮ್ಮದಿಯಾಗುತ್ತದೆ. ಅದು ನಿರಾಕರಣೆಯಲ್ಲ. ಪೆನ್‌ಡ್ರೈವ್ ಅಲ್ಲೇ ಇರುತ್ತದೆ, ಅದರಲ್ಲಿದ್ದದ್ದೂ ಇರುತ್ತದೆ. ನಾವು ಹೋಗಿ ತೆರೆದಾಗ ತೆರೆಯುತ್ತದೆ. ಕಳೆದದ್ದು ಏನೂ ಇಲ್ಲ. ಮೊದಲ ಹೆಜ್ಜೆ ಮಾತ್ರ ನಮ್ಮದಾಯಿತು. ಕಟುನುಡಿಗೆ ಆ ಗಳಿಗೆಯಲ್ಲೇ ಮರುನುಡಿಯದಿದ್ದರೆ ನಾವು ಸೋತೆವೆಂದು ಭಾವಿಸುತ್ತೇವೆ. ಉತ್ತರ ಎಲ್ಲಿಗೂ ಹೋಗಿರುವುದಿಲ್ಲ. ಸಂಜೆ ಹೇಳಿದರೆ ಇನ್ನಷ್ಟು ಖಚಿತವಾಗಿರುತ್ತದೆ, ಎಷ್ಟೋ ಸಲ ಬೇಕೇ ಆಗುವುದಿಲ್ಲ. ಈ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವವರು ಇದನ್ನು ಬಲ್ಲರು. ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಏರಿಸಿದ ಮೇಲೆ, ಎಲೆ ಹಳದಿ ತಿರುಗುವ ತನಕ ಶಾಖ 40 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಅವಸರಪಟ್ಟು ಸೌದೆ ತುಂಬಿದರೆ ಎಲೆ ಹಸಿರಾಗಿಯೇ ಒಣಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಬಣ್ಣ ಬರುವುದಿಲ್ಲ, ಬೆಲೆಯೂ ಬರುವುದಿಲ್ಲ. ಅದಕ್ಕಾಗಿಯೇ ರಾತ್ರಿಯೆಲ್ಲ ಎದ್ದು ಥರ್ಮಾಮೀಟರ್ ನೋಡುತ್ತಾರೆ.

ಅಂತರಂಗಕ್ಕೆ ಸೆಟ್ಟಿಂಗ್ಸ್ ಇಲ್ಲ. ಅಲ್ಲಿನ ಅಭ್ಯಾಸ ದೀರ್ಘಕಾಲದ್ದು, ಸೋಲು-ಗೆಲುವು ಎರಡೂ ಇರುವಂಥದ್ದು. ಕಂಪ್ಯೂಟರಿನದು ಸುಲಭ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಡಿವೈಸಸ್ (ವಿಂಡೋಸ್ 11ರಲ್ಲಿ ಬ್ಲೂಟೂತ್ ಆ್ಯಂಡ್ ಡಿವೈಸಸ್) ವಿಭಾಗದೊಳಗೆ ಆಟೋಪ್ಲೇ ಎಂಬ ಪುಟವಿದೆ. ಏನು ಮಾಡಲಿ ಎಂದು ಕೇಳುವ ಆ ಚೌಕವನ್ನು ಮೂಡಿಸುವುದು ಅದೇ. ಅದನ್ನು ಪೂರ್ತಿ ನಿಲ್ಲಿಸಬಹುದು. ಇಲ್ಲವೇ ಪೆನ್‌ಡ್ರೈವಿಗೂ ಮೆಮೊರಿ ಕಾರ್ಡಿಗೂ 'ಪ್ರತಿಸಲ ಕೇಳು' ಅಥವಾ 'ಏನೂ ಮಾಡಬೇಡ' ಎಂದು ಬೇರೆಬೇರೆಯಾಗಿ ಹೇಳಿಡಬಹುದು. ಎರಡು ನಿಮಿಷದ ಕೆಲಸ. ಇವತ್ತು ಅಂಗಡಿಯಲ್ಲಿ ಜನ ಸೇರುವ ಮುನ್ನ ಮಾಡಿಬಿಡಿ.